ಸಾಗಹಾಕುವುದಕ್ಕೆ ದತ್ತು ಎಂಬ ಹೆಸರು

ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ನೀರಿನ ಟ್ಯಾಂಕರ್ ಯಾವಾಗ ಬರುತ್ತದೆ, ಕರೆಂಟು ಯಾವಾಗ ಹೋಗುತ್ತದೆ ಎಂಬ ಮಾತುಗಳ ನಡುವೆ ಕಳೆದ ತಿಂಗಳು ಒಂದು ಬೆಕ್ಕಿನ ಫೋಟೊ ಬಂತು. ಬೂದು ಬಣ್ಣ, ಒಂದು ಕಿವಿಯ ತುದಿ ಹರಿದಿದೆ, ಕಣ್ಣು ಕ್ಯಾಮೆರಾ ಕಡೆಗಿಲ್ಲ. ಕೆಳಗೆ ಬರಹ: ಹನ್ನೊಂದು ವರ್ಷ, ತುಂಬಾ ಸಾಧು, ಒಳ್ಳೆಯ ಮನೆಗೆ ದತ್ತು ಕೊಡಲಾಗುವುದು, ಬುಟ್ಟಿ ಮತ್ತು ಊಟದ ತಟ್ಟೆ ಉಚಿತ. ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ಕೈಮುಗಿದ ಚಿತ್ರ, ಹೃದಯದ ಚಿತ್ರ ಹಾಕಿದರು. ಬೆಕ್ಕು ನಮಗಿರಲಿ ಎಂದು ಒಬ್ಬರೂ ಹೇಳಲಿಲ್ಲ. ಎರಡು ವಾರ ಕಳೆದ ಮೇಲೆ ಅದೇ ನಂಬರಿನಿಂದ ಇನ್ನೊಂದು ಫೋಟೊ. ಹತ್ತಿಯ ಉಂಡೆಯಂಥ ಪರ್ಷಿಯನ್ ಮರಿ, ಕುತ್ತಿಗೆಗೆ ಗೆಜ್ಜೆ. ‘ನಮ್ಮ ಮನೆಯ ಹೊಸ ಸದಸ್ಯ.’ ಈ ಸಲ ಹೃದಯಗಳು ಅರವತ್ತು ದಾಟಿದವು. ಹಳೆಯ ಸದಸ್ಯ ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಯೋಗ್ಯತೆ ನನಗಿರಲಿಲ್ಲ. ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ಪದದ ಬಗ್ಗೆ ಜಗಳ ತೆಗೆಯಬೇಕಿದೆ. ‘ದತ್ತು’ ಎಂದರೆ ನಮಗೆಲ್ಲ ತೆಗೆದುಕೊಂಡವರೇ ಕಣ್ಣಿಗೆ ಬರುತ್ತಾರೆ. ಮಕ್ಕಳಿಲ್ಲದವರು, ಕರುಣೆ ಇರುವವರು, ತೆರೆದ ಬಾಗಿಲಿನವರು. ಆದರೆ ಸಂಸ್ಕೃತದ ‘ದತ್ತ’ ಎಂದರೆ ಕೊಟ್ಟದ್ದು. ಪದದ ಹೊಟ್ಟೆಯಲ್ಲಿ ಕುಳಿತಿರುವುದು ತೆಗೆದುಕೊಂಡವನಲ್ಲ, ಕೊಟ್ಟವನು. ಪ್ರತಿ ದತ್ತಿನ ಹಿಂದೆಯೂ ಒಬ್ಬ ಕೊಟ್ಟವನಿದ್ದಾನೆ. ಯಾಕೆ ಕೊಟ್ಟ, ಏನು ಹೇಳಿ ಕೊಟ್ಟ, ಏನನ್ನು ಹೇಳದೆ ಕೊಟ್ಟ ಎಂಬುದೇ ಅದರ ಅರ್ಧ ಕಥೆ. ಮುದಿ ಬೆಕ್ಕನ್ನು ಮನೆಯಿಂದ ಕಳಿಸಿ ಮರಿಯನ್ನು ಮನೆಗೆ ತರುವವರು ಎರಡೂ ಕೆಲಸಕ್ಕೂ ಈ ಒಂದೇ ಪದ ಬಳಸುತ್ತಾರೆ. ಕಳಿಸಿದ್ದೂ ದತ್ತು, ತಂದದ್ದೂ ದತ್ತು. ಮೊದಲನೆಯದಕ್ಕೆ ಕನ್ನಡದಲ್ಲಿ ಬಹಳ ಹಳೆಯ, ಬಹಳ ಪ್ರಾಮಾಣಿಕವಾದ ಮಾತೊಂದಿದೆ: ಸಾಗಹಾಕುವುದು. ನನ್ನ ತಕರಾರು ಇಷ್ಟೆ. ಸಾಗಹಾಕುವವರು ಸಾಗಹಾಕಿದೆವು ಎನ್ನಲಿ. ಆ ಮಾತನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕಾಗಿ ಬಂದರೆ ಅರ್ಧ ಜನ ಸಾಗಹಾಕುವುದೇ ಇಲ್ಲ ಎಂಬುದು ನನ್ನ ನಂಬಿಕೆ.

ಸಾಗಹಾಕಿದ್ದು ಎಲ್ಲಿಗೆ ಹೋಗುತ್ತದೆ? ನಾನಿರುವ ಜಿಲ್ಲೆಗೆ. ಬೆಂಗಳೂರಿಗೆ ಬೇಡವಾದದ್ದು ಬರುವ ದಾರಿ ನಮಗೆ ಹೊಸದಲ್ಲ. ಹೊಸಕೋಟೆಗೆ ಹೋಗುವ ದಿಕ್ಕಿನ ಮಂಡೂರಿನ ಜನ ಕಸದ ಲಾರಿಗಳನ್ನು ನಿಲ್ಲಿಸಲು 2014ರಲ್ಲಿ ಬೀದಿಗಿಳಿಯಬೇಕಾಯಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ಚಿಗರೇನಹಳ್ಳಿ ಕಡೆಯವರು ಅದೇ ಕಸಕ್ಕಾಗಿ ಮತ್ತೆ ಮತ್ತೆ ರಸ್ತೆಯಲ್ಲಿ ಕೂತಿದ್ದಾರೆ. ಹೆಬ್ಬಾಳ–ನಾಗವಾರ ಕಣಿವೆಯಲ್ಲಿ ನಗರ ಬಳಸಿ ಬಿಟ್ಟ ನೀರು ಶುದ್ಧೀಕರಣಗೊಂಡು ಈ ಕಡೆಯ ಕೆರೆಗಳಿಗೆ ಬರುತ್ತದೆ. ಅದಕ್ಕೆ ‘ಕೆರೆ ತುಂಬಿಸುವ ಯೋಜನೆ’ ಎಂಬ ಒಳ್ಳೆಯ ಹೆಸರು. ಹೆಸರಿನ ವಿಷಯ ಬಂದದ್ದರಿಂದ ಇದೂ ಇರಲಿ: 2025ರ ಜುಲೈನಲ್ಲಿ ನಂದಿ ಬೆಟ್ಟದ ಮೇಲೆ ಸಭೆ ಸೇರಿದ ಸಚಿವ ಸಂಪುಟ ‘ಬೆಂಗಳೂರು ಗ್ರಾಮಾಂತರ’ವನ್ನೇ ‘ಬೆಂಗಳೂರು ಉತ್ತರ’ ಎಂದು ಕರೆಯಲು ತೀರ್ಮಾನಿಸಿತು. ಗ್ರಾಮಾಂತರ ಎಂದರೆ ಜಮೀನಿನ ಬೆಲೆ ಏರುವುದಿಲ್ಲವೇನೋ. ಈ ಸಾಲಿನಲ್ಲಿ ಬೆಕ್ಕು ತೀರಾ ಚಿಕ್ಕ ಸಾಮಾನು. ಶನಿವಾರ ಸಂಜೆ ಕೆರೆ ಏರಿಯ ಮೇಲೆ ಒಂದು ಕಾರು ನಿಲ್ಲುತ್ತದೆ, ಹಿಂದಿನ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ಅಥವಾ ಫಾರ್ಮ್‌ಹೌಸಿನ ಗೇಟಿನ ಮುಂದೆ ರಟ್ಟಿನ ಡಬ್ಬಿ. ಅಥವಾ, ಸ್ವಲ್ಪ ಸಭ್ಯರಾದರೆ, ಪರಿಚಯದವರ ತೋಟ. ನನ್ನದು ಈ ಮೂರನೆಯ ಬಗೆ.

ಹೀಗೆ ಬಿಡುವವರ ಕೈಯಲ್ಲಿ ಯಾವಾಗಲೂ ಒಂದು ಮಾತು ಸಿದ್ಧವಾಗಿರುತ್ತದೆ. ‘ಹಳ್ಳಿಯಲ್ಲಿ ಜಾಗ ಇರುತ್ತೆ, ಇಲಿ ಇರುತ್ತೆ, ಹೇಗೋ ಬದುಕಿಕೊಳ್ಳುತ್ತೆ.’ ಈ ಮಾತನ್ನು ಹಳ್ಳಿಯಲ್ಲಿ ಬದುಕಿದವರು ಹೇಳಿದ್ದನ್ನು ನಾನು ಕೇಳಿಲ್ಲ. ಹಳ್ಳಿಯಲ್ಲಿ ಇಲಿ ಇರುತ್ತದೆ, ಇಲಿಯ ಹೊಟ್ಟೆಯಲ್ಲಿ ಪಾಷಾಣವೂ ಇರುತ್ತದೆ. ರಾಗಿ ತೆನೆಗೂ ತೆಂಗಿಗೂ ಇಟ್ಟ ಸತುವಿನ ಫಾಸ್ಫೈಡ್ ತಿಂದು ತೂರಾಡುವ ಇಲಿ, ಓಡಲಾರದ ಮುದಿ ಬೆಕ್ಕಿಗೆ ಸುಲಭದ ಬೇಟೆ. ಅದನ್ನು ತಿಂದ ಬೆಕ್ಕಿನ ಗತಿಯೂ ಕೆಲವು ಸಲ ಅದೇ. ಹಳ್ಳಿಯಲ್ಲಿ ಜಾಗ ಇರುತ್ತದೆ, ಆದರೆ ಆ ಜಾಗಕ್ಕೆಲ್ಲ ಮೊದಲೇ ವಾರಸುದಾರರಿದ್ದಾರೆ. ಒಂದೊಂದು ಹಿತ್ತಿಲೂ ಒಂದೊಂದು ಗಡವ ಬೆಕ್ಕಿನದು, ಒಂದೊಂದು ಕೇರಿಯೂ ಒಂದೊಂದು ನಾಯಿ ಗುಂಪಿನದು. ಶಿವಗಂಗೆ ಕಡೆಯ ಗುಡ್ಡಗಳಲ್ಲಿ ಚಿರತೆ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ರಸ್ತೆ ಇದೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಗೆ ಹೋಗುವ ಹೊಸ ವರ್ತುಲ ರಸ್ತೆಯ ಅಂಚಿನಲ್ಲಿ ಬೆಳಗಿನ ಹೊತ್ತು ನಡೆದುಹೋದವರಿಗೆ ನಾನು ಹೇಳುತ್ತಿರುವುದು ಗೊತ್ತಿರುತ್ತದೆ.

ಬೆಕ್ಕು ಮೂಲತಃ ಕಾಡುಪ್ರಾಣಿ, ಅದರ ರಕ್ತದಲ್ಲೇ ಬೇಟೆಯಿದೆ ಎನ್ನುವ ವಿದ್ಯಾವಂತರೂ ಇದ್ದಾರೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಮನುಷ್ಯ ಸಮಾಧಿಯ ಪಕ್ಕದಲ್ಲೇ ಬೆಕ್ಕೊಂದನ್ನು ಜೋಪಾನವಾಗಿ ಹೂತಿದ್ದು ಸಿಕ್ಕಿತು. 2004ರಲ್ಲಿ ಅದರ ವರದಿ ಬಂತು. ಕಾಳಿನ ಕಣಜ ಕಟ್ಟಿದ ಕಾಲದಿಂದ ನಮ್ಮ ಜೊತೆಗಿರುವ ಪ್ರಾಣಿಗೆ, ಹನ್ನೊಂದು ವರ್ಷ ತಟ್ಟೆಯಲ್ಲಿ ಇಟ್ಟದ್ದನ್ನು ತಿಂದು ಹಲ್ಲು ಸವೆಸಿಕೊಂಡ ಮೇಲೆ, ಒಂದು ಶನಿವಾರ ಸಂಜೆ ನೀನು ಕಾಡಿನದು ಎಂದು ನೆನಪು ಮಾಡುವುದು ಅನುಕೂಲದ ವಿಜ್ಞಾನ.

ಇನ್ನು ನನ್ನ ಕಥೆ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ಹಿಂದುಗಡೆ ಎರಡು ಪವರ್‌ಲೂಮ್, ಮುಂದುಗಡೆ ನಾವು. ರೇಷ್ಮೆ ನೂಲಿರುವ ಮನೆಗೆ ಬೆಕ್ಕು ಬೇಕೇಬೇಕು. ಇಲಿ ಒಂದು ರಾತ್ರಿ ಹಾಸಿನೊಳಗೆ ಹೊಕ್ಕರೆ ಕಡಿದ ಎಳೆಗಳನ್ನು ಜೋಡಿಸುವುದರಲ್ಲೇ ದಿನ ಕಳೆಯುತ್ತದೆ. 2009ರ ಕೊನೆಯಲ್ಲಿ, ಘಾಟಿಯ ದನಗಳ ಜಾತ್ರೆಯ ಹೊತ್ತಿನಲ್ಲಿ, ಮಗ್ಗದ ಕೆಳಗೆ ಒಂದು ಮರಿ ಬಂದು ಸೇರಿಕೊಂಡಿತು. ಜಾತ್ರೆಯ ನೆಪಕ್ಕೆ ಅಮ್ಮ ಅದನ್ನು ಸುಬ್ಬಿ ಎಂದು ಕರೆದರು. ಮಗ್ಗದ ಸದ್ದು ನಿಂತರೆ ಎಚ್ಚರಾಗುವ, ಸದ್ದು ಶುರುವಾದರೆ ನಿದ್ದೆ ಹೋಗುವ ಬೆಕ್ಕು ಅದು. ನನ್ನ ಮದುವೆಯಾಯಿತು, ಮಗಳು ಹುಟ್ಟಿದಳು, ಮಗ್ಗದಲ್ಲಿ ಲಾಭ ಕಡಿಮೆಯಾಯಿತು. ನಾನು ವಿಮಾನ ನಿಲ್ದಾಣದ ಕಡೆ ಕೆಲಸ ಹಿಡಿದು 2021ರಲ್ಲಿ ದೇವನಹಳ್ಳಿ ಹತ್ತಿರದ ಬಡಾವಣೆಗೆ ಬಂದೆವು. ಅಮ್ಮನೂ ಬಂದರು, ಸುಬ್ಬಿಯೂ ಬಂತು. ಹೊಸ ಮನೆಗೆ ಟೈಲ್ಸ್ ನೆಲ, ತಿಳಿ ಬಣ್ಣದ ಸೋಫಾ. ಇಲಿ ಇಲ್ಲ, ನೂಲಿಲ್ಲ, ಮಗ್ಗದ ಸದ್ದಿಲ್ಲ.

ಮಾರನೆಯ ವರ್ಷ ಸುಬ್ಬಿ ಸೋಫಾದ ಮೇಲೆ ಉಚ್ಚೆ ಹೊಯ್ಯಲು ಶುರುಮಾಡಿತು. ನೀರು ಹೆಚ್ಚು ಕುಡಿಯುತ್ತಿತ್ತು, ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ನಮಗೆ ಕಂಡದ್ದು ಹಟ. ಹೊಸ ಮನೆ ಇಷ್ಟವಿಲ್ಲದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದೆ ಎಂದು ಹೆಂಡತಿಗೆ ನಾನೇ ಹೇಳಿದೆ. ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಮೂತ್ರಪಿಂಡ ಸೋಲುತ್ತಿದೆ, ವಯಸ್ಸಾದ ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯ ಎಂದರು. ವಾಸಿಯಾಗುವ ಕಾಯಿಲೆ ಅಲ್ಲ, ಆದರೆ ರಂಜಕ ಕಡಿಮೆಯಿರುವ ಆಹಾರ, ಮನೆಯ ನಾಲ್ಕು ಕಡೆ ನೀರಿನ ಬಟ್ಟಲು, ಕಾಲು ನೋವಿರುವುದರಿಂದ ಅಂಚು ತಗ್ಗಿರುವ ಮರಳಿನ ತಟ್ಟೆ, ಇಷ್ಟು ಮಾಡಿದರೆ ಇನ್ನಷ್ಟು ದಿನ ನೆಮ್ಮದಿಯಾಗಿ ಇರಬಹುದು ಎಂದರು. ನಾನು ತಲೆಯಾಡಿಸಿದೆ. ಹೊರಗೆ ಬಂದು ಆ ಆಹಾರದ ಬೆಲೆ ನೋಡಿದೆ. ಬೆಲೆಯಿಂದಲೇ ಹಿಂದೆಗೆದೆ ಎಂದರೆ ಸುಳ್ಳಾಗುತ್ತದೆ. ಸೋಫಾ ಅದಕ್ಕಿಂತ ಹೆಚ್ಚಿನದು. ಅದಕ್ಕಿಂತಲೂ ಹೆಚ್ಚಿನದು ಇನ್ನೊಂದು: ಮುದಿತನ ಮನೆಯಲ್ಲಿ ಓಡಾಡುವುದನ್ನು ನೋಡುವುದು ನನಗೆ ಬೇಡವಾಗಿತ್ತು. ಮಗಳಿಗೆ ಆಡಲು ಒಂದು ಮರಿ ಬೇಕಿತ್ತು, ನನಗೂ.

ನೆಲಮಂಗಲ ತಾಲ್ಲೂಕಿನಲ್ಲಿ ತೋಟ ಇಟ್ಟಿರುವ ಪರಿಚಯಸ್ಥರೊಬ್ಬರು ಒಪ್ಪಿದರು. ವಯಸ್ಸೆಷ್ಟು ಎಂದು ಕೇಳಿದರು. ಎಂಟು ಅಂದೆ. ಹದಿಮೂರು ತುಂಬುವುದರಲ್ಲಿತ್ತು. ಏನಾದರೂ ಕಾಯಿಲೆ? ಏನಿಲ್ಲ ಸಾರ್, ಹೊಸ ಮನೆಗೆ ಒಗ್ಗಿಲ್ಲ ಅಷ್ಟೆ, ಅಂದೆ. ಈ ಎರಡು ಉತ್ತರಗಳನ್ನು ಇಲ್ಲಿ ಬರೆಯುವುದಕ್ಕೇ ಈ ಲೇಖನ ಶುರುಮಾಡಿದೆ ಎಂದರೂ ಸರಿಯೇ.

ಘಾಟಿಯ ಜಾತ್ರೆಯಲ್ಲಿ ಎತ್ತು ಮಾರುವವನಿಗೆ ಈ ಅವಕಾಶ ಇಲ್ಲ. ಕೊಳ್ಳುವವನು ಎತ್ತಿನ ತುಟಿ ಎತ್ತಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ ಎಂಬುದು ಅಲ್ಲೇ, ನಾಲ್ಕು ಜನರೆದುರಿಗೆ, ತೀರ್ಮಾನವಾಗುತ್ತದೆ. ಕೈಮೇಲೆ ಟವಲ್ ಹಾಕಿ ಬೆರಳಲ್ಲಿ ವ್ಯಾಪಾರ ಮಾಡಿದರೂ ಎತ್ತಿನ ವಯಸ್ಸನ್ನು ಟವಲ್ ಕೆಳಗೆ ಬಚ್ಚಿಡಲಾಗದು. ವ್ಯಾಪಾರವೆಂದು ಒಪ್ಪಿಕೊಂಡಲ್ಲಿ ಇಷ್ಟಾದರೂ ಸತ್ಯ ಉಳಿದಿದೆ. ಕರುಣೆಯ ಹೆಸರಿನಲ್ಲಿ ಕೊಡುವ ಬೆಕ್ಕಿನ ಹಲ್ಲನ್ನು ಯಾರು ಎಣಿಸುತ್ತಾರೆ? ಉಚಿತವಾಗಿ ಕೊಟ್ಟದ್ದನ್ನು ಪರೀಕ್ಷಿಸುವುದೇ ಅಸಭ್ಯತೆ.

ಕಾರಿನಲ್ಲಿ ಹೊರಟೆ. ದೊಡ್ಡಬಳ್ಳಾಪುರದ ಮೇಲೇ ಹಾದುಹೋಗಬೇಕು. ನಮ್ಮ ಹಳೆಯ ಮಗ್ಗದ ಮನೆಗೆ ಅರ್ಧ ಕಿಲೋಮೀಟರ್ ದೂರದಲ್ಲಿ ಸಿಗ್ನಲ್ ಬಿತ್ತು. ಬುಟ್ಟಿಯೊಳಗಿಂದ ಸದ್ದಿರಲಿಲ್ಲ. ಶಿವಗಂಗೆ ಬೆಟ್ಟ ಕಾಣುವ ಆ ತೋಟದಲ್ಲಿ ಬುಟ್ಟಿ ಇಳಿಸಿ, ಕಾವಲುಗಾರನ ಹೆಂಡತಿಯ ಕೈಗೆ ಒಂದು ಕಿಲೋ ಆಹಾರದ ಪೊಟ್ಟಣ ಕೊಟ್ಟು ಬಂದೆ. ಮನೆಗೆ ಬಂದಾಗ ಅಮ್ಮ ರಾಗಿ ಮುದ್ದೆ ಕಟ್ಟುತ್ತಿದ್ದರು. ‘ಒಳ್ಳೆ ಕಡೆ ದತ್ತು ಕೊಟ್ಟು ಬಂದೆ ಕಣಮ್ಮ’ ಅಂದೆ.

‘ಬಿಟ್ಟು ಬಂದೆ ಅನ್ನು ಮಗ. ದತ್ತು ಗಿತ್ತು ಅನ್ಬೇಡ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ನಾವೂ ಚೀಲಕ್ಕೆ ಹಾಕ್ಕೊಂಡೋಗಿ ಕೆರೆ ಆಚೆ ಬಿಟ್ಟಿದೀವಿ. ಆದ್ರೆ ಅದುಕ್ಕೊಂದು ಹೆಸರು ಇಟ್ಕೊಂಡಿರ್ಲಿಲ್ಲ.’

ಅಮ್ಮನ ಮಾತನ್ನು ಹಿಡಿದುಕೊಂಡು ಹಿಂದಿನವರು ದೇವರಂಥವರು ಎಂದು ಹೇಳಹೊರಟರೆ ಅದು ಇನ್ನೊಂದು ಮೋಸ. ಗೋಣಿಚೀಲ ಇತ್ತು, ಕೆರೆ ಆಚೆಯ ದಂಡೆ ಇತ್ತು, ಕಣ್ಣು ಬಿಡದ ಮರಿಗಳನ್ನು ಕೆರೆಯ ಒಳಕ್ಕೇ ಹಾಕಿದ್ದೂ ಇತ್ತು. ಅದರಲ್ಲಿ ಹೆಮ್ಮೆ ಪಡುವಂಥದ್ದು ಏನೂ ಇಲ್ಲ. ಆದರೆ ಅವರ ಬಡತನದಲ್ಲಿ ಬೆಕ್ಕಿಗೂ ಮನುಷ್ಯನಿಗೂ ಒಂದೇ ತಪ್ಪಲೆಯ ಸಾರು. ಆರನೆಯ ಬಾಯಿಗೆ ಅನ್ನ ಇಲ್ಲದಿದ್ದಾಗ ಮಾಡಿದ ಕೆಲಸ ಅದು. ನಮ್ಮದು ಹಾಗಲ್ಲ. ಒಂದು ಬೆಕ್ಕಿಗೆ ಜಾಗವಿಲ್ಲ ಎಂದು ಕಳಿಸಿ ಅದೇ ತಿಂಗಳು ಇನ್ನೊಂದು ಬೆಕ್ಕಿಗೆ ಜಾಗ ಮಾಡುವವರು ನಾವು. ಜಾಗ ಇತ್ತು. ದುಡ್ಡೂ ಇತ್ತು. ಇಲ್ಲದ್ದು ಮುದಿತನಕ್ಕೆ ಮಾತ್ರ.

‘ನಾಯಿ ಮನೆಯವರನ್ನು ಹಚ್ಚಿಕೊಳ್ಳುತ್ತೆ, ಬೆಕ್ಕು ಮನೆಯನ್ನು ಹಚ್ಚಿಕೊಳ್ಳುತ್ತೆ’ ಎಂಬ ಮಾತನ್ನೂ ಸಾಗಹಾಕುವವರು ಬಹಳ ಇಷ್ಟಪಡುತ್ತಾರೆ. ಬೆಕ್ಕಿಗೆ ನಿಮ್ಮ ಮೇಲೆ ಅಂಥ ಪ್ರೀತಿ ಏನಿಲ್ಲ, ಕೊಟ್ಟರೆ ಕೊರಗುವುದಿಲ್ಲ ಎಂಬುದು ಇದರ ಇಂಗಿತ. ಈ ಗಾದೆ ಎಷ್ಟರಮಟ್ಟಿಗೆ ನಿಜ ಎಂಬುದು ಬೇರೆ ಚರ್ಚೆ. ನಿಜವೆಂದೇ ಇಟ್ಟುಕೊಳ್ಳೋಣ. ಆಗ ಬೆಕ್ಕಿನಿಂದ ಕಿತ್ತುಕೊಳ್ಳಬಾರದ ಒಂದೇ ಒಂದು ವಸ್ತು ಮನೆ. ಮನೆಯವರನ್ನು ಬದಲಿಸಿ, ಬಾಡಿಗೆದಾರರನ್ನು ಬದಲಿಸಿ, ಬೆಕ್ಕು ಅಲ್ಲೇ ಇರಲಿ ಎನ್ನಬೇಕಾಗುತ್ತದೆ. ಸಾಗಹಾಕುವುದರ ಪರವಾಗಿ ತಂದ ಸಾಕ್ಷಿ ಸಾಗಹಾಕುವುದರ ವಿರುದ್ಧವೇ ನಿಂತುಬಿಡುತ್ತದೆ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಫ್ರಾನ್ಸಿಸ್ ಹೆರಿಕ್ ತಾಯಿಬೆಕ್ಕೊಂದನ್ನು ಮರಿಗಳಿಂದ ಬೇರ್ಪಡಿಸಿ ಬೇರೆ ಬೇರೆ ದೂರಕ್ಕೆ ಒಯ್ದು ಬಿಟ್ಟು, ಅದು ಮೈಲಿಗಳ ಆಚೆಯಿಂದಲೂ ಮರಳಿ ಬಂದದ್ದನ್ನು 1922ರಲ್ಲಿ ಬರೆದ. ನಮ್ಮ ಅಜ್ಜಿಯರಿಗೆ ಇದು ಪ್ರಯೋಗವಿಲ್ಲದೆ ಗೊತ್ತಿತ್ತು. ಚೀಲದ ಬಾಯಿ ಕಟ್ಟಿ, ದಾರಿಯಲ್ಲಿ ಮೂರು ಸುತ್ತು ಸುತ್ತಿಸಿ, ನಡುವೆ ನೀರು ಅಡ್ಡ ಇರುವ ಕಡೆಯೇ ಬಿಡುತ್ತಿದ್ದರು. ವಾಪಸ್ಸು ಬರುತ್ತದೆ ಎಂಬ ಭಯಕ್ಕೆ.

ಸುಬ್ಬಿ ವಾಪಸ್ಸು ಬರಲಿಲ್ಲ. ನಲವತ್ತಕ್ಕೂ ಹೆಚ್ಚು ಕಿಲೋಮೀಟರ್, ನಡುವೆ ಹೆದ್ದಾರಿಗಳು, ಸೋಲುತ್ತಿರುವ ಮೂತ್ರಪಿಂಡ. ಐದನೆಯ ದಿನ ಕಾವಲುಗಾರನ ಹೆಂಡತಿ ಫೋನ್ ಮಾಡಿದರು. ‘ಬಂದಾಗ್ಲಿಂದ ಗೇಟ್ ತಾವೇ ಕುಂತಿತ್ತು ಕಣಣ್ಣ. ಅನ್ನ ಮುಟ್ಟಿಲ್ಲ, ನೀವ್ ಕೊಟ್ಟಿದ್ದೂ ಮುಟ್ಟಿಲ್ಲ. ಬೆಳಿಗ್ಗೆ ನೋಡ್ತೀನಿ, ಇಲ್ಲ.’ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಯಕೃತ್ತಿಗೇ ಏಟು ಬೀಳಬಹುದು, ಹೊಸ ಜಾಗದಲ್ಲಿ ಹೆದರಿದ ಬೆಕ್ಕು ಊಟ ಬಿಡುವುದೇ ಸಾಮಾನ್ಯ ಎಂದು ನನಗೆ ಆಮೇಲೆ ತಿಳಿಯಿತು. ಹೋಗಿ ಎರಡು ದಿನ ಹುಡುಕಿದೆ. ರಸ್ತೆ ಅಂಚು, ಬಿದಿರು ಮೆಳೆ, ಪಕ್ಕದ ನರ್ಸರಿ. ಆ ಹೆಣ್ಣುಮಗಳು ಕೂಡಾ ನನ್ನ ಜೊತೆ ಓಡಾಡಿದರು. ಅವರಿಗೆ ನಾನು ಬೆಕ್ಕಿನ ಕಾಯಿಲೆ ಹೇಳಿದ್ದರೆ ಗೇಟಿನ ಹತ್ತಿರ ಒಂದು ನೀರಿನ ಬಟ್ಟಲಾದರೂ ಇಟ್ಟಿರುತ್ತಿದ್ದರು. ‘ಮೊದ್ಲೇ ಹೇಳಬಾರ್ದಾಗಿತ್ತಾ ಅಣ್ಣ’ ಎಂದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಇದನ್ನು ಓದುವವರಲ್ಲಿ ಕೆಲವರು ಈಗ ನನಗೆ ಹೇಳುವುದು ಏನೆಂದು ಗೊತ್ತು. ಒಂದು ಬೆಕ್ಕಿಗೆ ಇಷ್ಟು ಗೋಳೇ? ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ ರೈತರು 1,777 ಎಕರೆ ಭೂಮಿ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು, 2025ರ ಜುಲೈನಲ್ಲಿ ಸರ್ಕಾರ ಹಿಂದೆಗೆಯಿತು, ಅದನ್ನು ಬರೆಯುವುದು ಬಿಟ್ಟು ಬೆಕ್ಕಿನ ಬಗ್ಗೆ ಬರೆಯುತ್ತೀಯಲ್ಲ ಎಂದು ಒಬ್ಬ ಗೆಳೆಯ ಕೇಳಿಯೂ ಆಯಿತು. ನ್ಯಾಯವಾದ ಪ್ರಶ್ನೆ. ಆದರೆ ಆ ಧರಣಿಯಲ್ಲಿ ಕೂತವರಿಗೂ ಅಧಿಕಾರಿಗಳು ಹೇಳುತ್ತಿದ್ದ ಮಾತು ಇಂಥದ್ದೇ: ಬೇರೆ ಕಡೆ ಒಳ್ಳೆಯ ಜಾಗ ಸಿಗುತ್ತೆ, ಬದುಕಿಕೊಳ್ಳುತ್ತೀರಿ. ರೈತರನ್ನು ಬೆಕ್ಕಿಗೆ ಹೋಲಿಸುತ್ತಿಲ್ಲ. ಸಾಗಹಾಕುವವರ ಭಾಷೆಯನ್ನು ಸಾಗಹಾಕುವವರ ಭಾಷೆಗೆ ಹೋಲಿಸುತ್ತಿದ್ದೇನೆ.

ಮುದುಕರನ್ನು ವೃದ್ಧಾಶ್ರಮಕ್ಕೆ ಕಳಿಸುವುದರ ಜೊತೆಗಿನ ಹೋಲಿಕೆಯೂ ಬೇಡ. ವೃದ್ಧಾಶ್ರಮದ ಅಜ್ಜಿ ಫೋನ್ ಮಾಡಿ ಬೈಯಬಲ್ಲಳು.

ಇಷ್ಟೆಲ್ಲ ಹೇಳಿ, ಬೆಕ್ಕನ್ನು ಯಾರಿಗೂ ಯಾವತ್ತೂ ಕೊಡಬಾರದು ಎಂದು ನಾನು ಹೇಳಿದರೆ ಅದು ಮೂರ್ಖತನ. ಸಾಕಿದ ಒಂಟಿ ಹೆಂಗಸು ತೀರಿಕೊಂಡರೆ, ಮನೆಯ ಮಾಲೀಕ ಬೆಕ್ಕಿದ್ದರೆ ಖಾಲಿ ಮಾಡಿ ಎಂದರೆ, ಮಗುವಿಗೆ ನಿಜವಾಗಿಯೂ ಉಬ್ಬಸ ಏರಿದರೆ, ಬೇರೆ ಮನೆ ಹುಡುಕುವುದೇ ಬೆಕ್ಕಿಗೆ ಮಾಡುವ ಉಪಕಾರ. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಸಂಸ್ಥೆಗಳು ಇಂಥ ಪ್ರಾಣಿಗಳಿಗಾಗಿ ಕೆಲಸ ಮಾಡುತ್ತಿವೆ. ಹೀಗೆ ಪ್ರಾಮಾಣಿಕವಾಗಿ ಕೊಡುವವರನ್ನು ನಾನು ನೋಡಿದ್ದೇನೆ, ಅವರ ರೀತಿಯೇ ಬೇರೆ. ಅವರು ವಯಸ್ಸು ಮುಚ್ಚಿಡುವುದಿಲ್ಲ, ವೈದ್ಯರ ಚೀಟಿಗಳನ್ನು ಕೊಡುತ್ತಾರೆ, ಔಷಧಿಯ ಖರ್ಚು ನಮ್ಮದು ಎನ್ನುತ್ತಾರೆ. ಬೆಕ್ಕು ಮಲಗುತ್ತಿದ್ದ ಹಳೆಯ ಸೀರೆಯನ್ನು ಒಗೆಯದೆ ಜೊತೆಗೆ ಕಳಿಸುತ್ತಾರೆ, ಯಾಕೆಂದರೆ ಬೆಕ್ಕಿಗೆ ಮನೆ ಎಂದರೆ ಮೊದಲು ವಾಸನೆ. ಮೊದಲ ವಾರ ಒಂದೇ ಕೋಣೆಯಲ್ಲಿಡಿ, ಬಾಗಿಲು ತೆಗೆಯಬೇಡಿ ಎನ್ನುತ್ತಾರೆ. ಆಗದಿದ್ದರೆ ವಾಪಸ್ಸು ತಗೊಳ್ಳುತ್ತೇವೆ ಎನ್ನುತ್ತಾರೆ. ಮುಖ್ಯವಾಗಿ, ಮುಂದಿನ ತಿಂಗಳು ಅವರ ಮನೆಯಲ್ಲಿ ಗೆಜ್ಜೆ ಕಟ್ಟಿದ ಮರಿ ಇರುವುದಿಲ್ಲ.

ಹೊಸ ಮರಿ ತಂದವರಿಗೂ ಒಂದು ಸಮರ್ಥನೆ ಇದೆ: ನಾವೂ ಒಂದು ಜೀವ ಉಳಿಸಿದೆವಲ್ಲ? ಬೀದಿಯ ಮರಿ ಎತ್ತಿಕೊಂಡವರ ಬಗ್ಗೆ ಈ ಮಾತಿಗೆ ತೂಕವಿದೆ. ಆದರೆ ಒಂದು ತುದಿಯಲ್ಲಿ ಒಂದನ್ನು ಹೊರಗೆ ತಳ್ಳಿ ಇನ್ನೊಂದು ತುದಿಯಲ್ಲಿ ಒಂದನ್ನು ಒಳಗೆ ಎಳೆದುಕೊಂಡರೆ ಲೆಕ್ಕ ಸೊನ್ನೆ. ಅದೂ ಸುಲಭವಾದದ್ದನ್ನು ಎಳೆದುಕೊಂಡು ಕಷ್ಟವಾದದ್ದನ್ನು ತಳ್ಳಿದ ಸೊನ್ನೆ. ಮರಿಗೆ ಹತ್ತು ಮನೆ ಸಿಗುತ್ತದೆ, ಹನ್ನೊಂದು ವರ್ಷದ ಬೆಕ್ಕಿಗೆ ಇರುವುದು ಒಂದೇ ಮನೆ, ಅದು ಇರುವ ಮನೆ. ಎರಡನ್ನೂ ಇಟ್ಟುಕೊಳ್ಳಬಹುದಿತ್ತಲ್ಲ ಎಂದರೆ, ಮುದಿ ಬೆಕ್ಕು ಮರಿಯನ್ನು ಕಚ್ಚುತ್ತದೆ ಎನ್ನುತ್ತಾರೆ. ಎದುರುಬದುರು ತಂದು ಬಿಟ್ಟರೆ ಕಚ್ಚುತ್ತದೆ. ಮರಿಯನ್ನು ಬೇರೆ ಕೋಣೆಯಲ್ಲಿಟ್ಟು, ಇದರ ಬಟ್ಟೆ ಅದಕ್ಕೆ, ಅದರ ಬಟ್ಟೆ ಇದಕ್ಕೆ ಮೂಸಲು ಕೊಟ್ಟು, ಬಾಗಿಲ ಸಂದಿಯಲ್ಲಿ ಊಟ ಹಾಕುತ್ತಾ ಕೆಲವು ವಾರ ತಾಳಿದರೆ ಬಹುಪಾಲು ಬೆಕ್ಕುಗಳು ಒಂದನ್ನೊಂದು ಸಹಿಸಿಕೊಳ್ಳುತ್ತವೆ. ಗೆಳೆತನ ಆಗಲೇಬೇಕೆಂದಿಲ್ಲ. ನಮ್ಮ ನಮ್ಮ ಮನೆಗಳಲ್ಲೂ ಎಲ್ಲರೂ ಗೆಳೆಯರೇನಲ್ಲ.

ಕಾನೂನು ಏನು ಹೇಳುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಹನ್ನೊಂದನೆಯ ಕಲಮಿನಲ್ಲಿ, ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಬಿಟ್ಟುಬಿಡುವುದು ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಹೊಸಕೋಟೆಯಲ್ಲಿ ಭಾನುವಾರ ಬೆಳಗಿನ ಜಾವ ಬಿರಿಯಾನಿಗೆ ಸಾಲು ನಿಲ್ಲುವವರು ಈ ದುಡ್ಡಿಗೆ ಒಂದು ಪ್ಲೇಟ್ ಅಲ್ಲ, ಒಂದು ತುಂಡು ಸಿಗುತ್ತದೆಯೇ ಹೇಳಲಿ. ದಂಡ ಏರಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ 2022ರಲ್ಲಿ ಸಾರ್ವಜನಿಕರ ಮುಂದಿಟ್ಟಿತ್ತು. ಆದರೆ ದಂಡ ಐವತ್ತು ಸಾವಿರವಾದರೂ ನನ್ನಂಥವನು ಸಿಕ್ಕಿಬೀಳುವುದಿಲ್ಲ. ನಾನು ಬಿಟ್ಟು ಬಂದಿಲ್ಲ, ಒಪ್ಪಿದವರ ಕೈಗೆ ಕೊಟ್ಟಿದ್ದೇನೆ, ಒಂದು ಕಿಲೋ ಆಹಾರದ ಸಮೇತ. ಕಾಗದದ ಮೇಲೆ ನಾನು ದಾನಿ.

ನಮ್ಮ ರಾಜ್ಯದಲ್ಲೇ ‘ದತ್ತು’ ಪದಕ್ಕೆ ಇನ್ನೊಂದು ಅರ್ಥವೂ ಬಂದಿದೆ. 2022ರಲ್ಲಿ ಸರ್ಕಾರ ಪುಣ್ಯಕೋಟಿ ದತ್ತು ಯೋಜನೆ ತಂದಿತು. ವರ್ಷಕ್ಕೆ 11,000 ರೂಪಾಯಿ ಕೊಟ್ಟರೆ ಗೋಶಾಲೆಯ ಒಂದು ಹಸುವನ್ನು ದತ್ತು ಪಡೆದಂತೆ. ಹಸು ಮನೆಗೆ ಬರುವುದಿಲ್ಲ, ಸಗಣಿ ಬಾಚಬೇಕಿಲ್ಲ, ಫೋಟೊ ಬರುತ್ತದೆ. ಯೋಜನೆಯ ರಾಜಕೀಯ ಏನೇ ಇರಲಿ, ಮುದಿ ಪ್ರಾಣಿಯ ಖರ್ಚು ಯಾರಾದರೂ ಹೊರಲೇಬೇಕು ಎಂಬುದನ್ನಾದರೂ ಅದು ಅಂಕಿಯಲ್ಲಿ ಬರೆದು ತೋರಿಸಿತು. ವಾಟ್ಸಾಪಿನ ದತ್ತಿನಲ್ಲಿ ಆ ಅಂಕಿಯೂ ಇಲ್ಲ.

ಸಾಹಿತ್ಯದ ಓದುಗರಿಗೆ ಒಂದು ಮಾತು. ನಾವೆಲ್ಲ ನಕ್ಕು ಬೆಳೆದ ತೆನಾಲಿ ರಾಮನ ಬೆಕ್ಕಿನ ಕಥೆಯನ್ನು ಇನ್ನೊಂದು ಸಲ ಓದಿ ನೋಡಿ. ಇಲಿಕಾಟಕ್ಕೆ ಕೃಷ್ಣದೇವರಾಯ ಮನೆಮನೆಗೆ ಒಂದು ಬೆಕ್ಕು ಕೊಡುತ್ತಾನೆ, ಹಾಲಿಗೆ ಒಂದು ಹಸುವನ್ನೂ. ರಾಮ ಹಾಲನ್ನು ತಾನು ಕುಡಿದು, ಬೆಕ್ಕಿಗೆ ಕುದಿಯುವ ಹಾಲಿಟ್ಟು ಬಾಯಿ ಸುಡಿಸುತ್ತಾನೆ. ಆಮೇಲೆ ಹಾಲು ಕಂಡರೆ ಓಡುವ ಬಡಕಲು ಬೆಕ್ಕನ್ನು ದರ್ಬಾರಿಗೆ ತಂದು, ನನ್ನ ಬೆಕ್ಕು ಹಾಲೇ ಕುಡಿಯುವುದಿಲ್ಲ ಪ್ರಭು ಎನ್ನುತ್ತಾನೆ. ಸಭೆ ನಗುತ್ತದೆ, ನಾವೂ ನಗುತ್ತೇವೆ. ಸುಟ್ಟ ನಾಲಿಗೆಯ ಬೆಕ್ಕು ಆಮೇಲೆ ಏನಾಯಿತು ಎಂದು ಕಥೆ ಹೇಳುವುದಿಲ್ಲ. ನಾನು ತೋಟದವರಿಗೆ ‘ಹೊಸ ಮನೆಗೆ ಒಗ್ಗಿಲ್ಲ ಅಷ್ಟೆ’ ಎಂದಾಗ ಮಾಡಿದ್ದು ಇದೇ ಜಾಣತನ: ನನ್ನ ಕೆಲಸದ ಫಲವನ್ನು ಬೆಕ್ಕಿನ ಸ್ವಭಾವ ಎಂದು ತೋರಿಸುವುದು. ಇದೇ ಪರಂಪರೆಯಲ್ಲಿ ಸ್ವರ್ಗದ ಬಾಗಿಲಲ್ಲಿ ನಿಂತು, ಜೊತೆಗೆ ಬಂದ ನಾಯಿಯನ್ನು ಬಿಟ್ಟು ಒಳಗೆ ಬರಲಾರೆ ಎಂದ ಧರ್ಮರಾಯನೂ ಇದ್ದಾನೆ. ಅವನ ಕಥೆಯನ್ನು ನಾವು ಉಪನ್ಯಾಸಕ್ಕೆ ಇಟ್ಟುಕೊಂಡಿದ್ದೇವೆ, ತೆನಾಲಿಯದನ್ನು ಬಳಕೆಗೆ.

ಸುಬ್ಬಿ ಕಾಣೆಯಾಗಿ ಮೂರನೆಯ ವಾರಕ್ಕೆ ನಮ್ಮ ಮನೆಗೆ ಮರಿ ಬಂತು. ಮೊದಲೇ ಮುಂಗಡ ಕೊಟ್ಟಿದ್ದೆ, ಮಗಳಿಗೆ ಮಾತು ಕೊಟ್ಟಿದ್ದೆ, ಹಿಂದೆಗೆಯಲಿಲ್ಲ. ಬಿಳಿ ಮರಿ, ಒಂದು ಕಣ್ಣಿನ ಸುತ್ತ ಹಳದಿ ಮಚ್ಚೆ. ಅದರ ತಪ್ಪೇನೂ ಇಲ್ಲ. ಅದಕ್ಕೆ ಎಲ್ಲ ಲಸಿಕೆ ಹಾಕಿಸಿದ್ದೇನೆ, ಸಂತಾನಹರಣ ಚಿಕಿತ್ಸೆ ಮಾಡಿಸಿದ್ದೇನೆ. ಲಸಿಕೆಯ ಪುಸ್ತಕದ ಮೊದಲ ಪುಟದಲ್ಲಿ ಹುಟ್ಟಿದ ವರ್ಷ 2022 ಎಂದು, ತಿದ್ದಲಾಗದಂತೆ ಮಾರ್ಕರ್ ಪೆನ್ನಿನಲ್ಲಿ, ದಪ್ಪಗೆ ಬರೆದಿದ್ದೇನೆ. ಅಮ್ಮ ಮಾತ್ರ ಅದಕ್ಕೆ ಹೆಸರಿಡಲು ಒಪ್ಪಲಿಲ್ಲ. ಅನ್ನ ಹಾಕುತ್ತಾರೆ, ಮಡಿಲಲ್ಲಿ ಮಲಗಿದರೆ ಏಳಿಸುವುದಿಲ್ಲ, ಆದರೆ ಕರೆಯುವುದು ಮಾತ್ರ ‘ಏ ಬೆಕ್ಕೇ’ ಎಂದೇ. ಸೋಫಾವನ್ನು ಕಳೆದ ದೀಪಾವಳಿಗೆ ಮಾರಿದೆವು. ಉಗುರಿನ ಗೀರು ತುಂಬಿತ್ತು, ಕೊಂಡವರು ಅರ್ಧ ಬೆಲೆಯನ್ನೂ ಕೊಡಲಿಲ್ಲ.